ಲೋಭ ಮತ್ತು ಸಂಪತ್ತಿನ ಸದ್ವಿನಿಯೋಗ: ಕ್ರೈಸ್ತ ಚಿಂತನೆ ಮತ್ತು ಶ್ರಾವಕ ಧರ್ಮ

ಕ್ರೋಧ, ಮಾನ, ಮಾಯೆ, ಲೋಭಗಳೆಂಬ ನಾಲ್ಕು ಕಷಾಯಗಳಲ್ಲಿ ಕಟ್ಟಕಡೆಗೆ ಕಳಚಿಕೊಳ್ಳುವುದು ಲೋಭ. ಗುಣಸ್ಥಾನಗಳ ಮೆಟ್ಟಿಲುಗಳನ್ನೇರುವ ಸಾಧಕನು ಹತ್ತನೆಯದಾದ ಸೂಕ್ಷ್ಮಸಾಂಪರಾಯವನ್ನು ತಲುಪಿದಾಗಲೂ, ಉಳಿದ ಮೂರು ಕಷಾಯಗಳು ಅಡಗಿದ ಮೇಲೂ, ಲೋಭದ ಒಂದು ಸೂಕ್ಷ್ಮವಾದ ಎಳೆ ಅವನಲ್ಲಿ ಉಳಿದಿರುತ್ತದೆಂದು ನಮ್ಮ ಆಚಾರ್ಯರು ತಿಳಿಸಿದ್ದಾರೆ. ಮಹಾಮುನಿಗಳನ್ನೇ ಇಷ್ಟು ದೂರ ಹಿಂಬಾಲಿಸುವ ದೋಷವು ಅಂಗಡಿಯ ಗಲ್ಲೆಯ ಮುಂದೆ ಕುಳಿತ ಗೃಹಸ್ಥನನ್ನು ಎಷ್ಟು ಬಿಗಿಯಾಗಿ ಹಿಡಿದಿರಬೇಕೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಈ ರೋಗವನ್ನು ಗುರುತಿಸಿದವರು ನಾವು ಮಾತ್ರವಲ್ಲ. ಅನ್ಯ ಧರ್ಮದವರು ಇದಕ್ಕೆ ಯಾವ ನಿದಾನ ಮಾಡಿದರು, ಯಾವ ಚಿಕಿತ್ಸೆ ಹೇಳಿದರು ಎಂಬುದನ್ನು ತಿಳಿಯುವುದು ಅನೇಕಾಂತದೃಷ್ಟಿಯುಳ್ಳ ನಮಗೆ ಸಹಜವಾದ ಕರ್ತವ್ಯ. ಪ್ರಕೃತ ಲೇಖನದಲ್ಲಿ ಕ್ರೈಸ್ತ ಧರ್ಮವು ಲೋಭವನ್ನೂ ಸಂಪತ್ತಿನ ಸದ್ವಿನಿಯೋಗವನ್ನೂ ಕುರಿತು ಹೇಳುವುದೇನು, ಅದರಿಂದ ಶ್ರಾವಕರೂ ನಮ್ಮ ಜಿನಮಂದಿರಗಳ ಸಮಿತಿಗಳೂ ತಮ್ಮನ್ನು ತಾವು ಕೇಳಿಕೊಳ್ಳಬೇಕಾದ ಪ್ರಶ್ನೆಗಳಾವುವು ಎಂಬುದನ್ನು ವಿಚಾರಿಸಲಾಗಿದೆ.

ಕೂಡ್ಲಿಗಿಯ ಸ್ಮಾರಕ

ಈ ವಿಚಾರಕ್ಕೆ ನಾವು ದೂರದ ದೇಶಕ್ಕೆ ಹೋಗಬೇಕಾಗಿಲ್ಲ. ಕೂಡ್ಲಿಗಿ ಪಟ್ಟಣದಲ್ಲಿ ಮಹಾತ್ಮಾ ಗಾಂಧೀಜಿಯವರ ಚಿತಾಭಸ್ಮವನ್ನಿರಿಸಿದ ಹುತಾತ್ಮರ ಸ್ಮಾರಕವಿದೆ. ಆ ಹಿಡಿ ಬೂದಿಯ ಮುಂದೆ ಕೈಮುಗಿಯುವಾಗ ಒಂದು ಸಂಗತಿಯನ್ನು ನೆನೆಯಬೇಕು. ಸಂಪತ್ತನ್ನು ಕುರಿತ ಗಾಂಧೀಜಿಯವರ ವಿಚಾರದಲ್ಲಿ ಜೈನಧರ್ಮದ ಪ್ರಭಾವವೂ ಕ್ರೈಸ್ತಧರ್ಮದ ಪ್ರಭಾವವೂ ಕೂಡಿಕೊಂಡಿದ್ದವು.

೧೮೯೧ರಲ್ಲಿ ವಿಲಾಯಿತಿಯಿಂದ ಮುಂಬಯಿಗೆ ಮರಳಿದ ಗಾಂಧೀಜಿಯವರಿಗೆ ರಾಯಚಂದಭಾಯಿಯವರ ಪರಿಚಯವಾಯಿತು. ಮುತ್ತುರತ್ನಗಳ ವ್ಯಾಪಾರಿಯಾಗಿದ್ದ ಈ ಜೈನ ತತ್ತ್ವಜ್ಞರು (೧೮೬೭-೧೯೦೧) ಲಕ್ಷಗಟ್ಟಲೆ ರೂಪಾಯಿಗಳ ವ್ಯವಹಾರವನ್ನು ಮುಗಿಸಿದೊಡನೆಯೇ ಆತ್ಮಚಿಂತನೆಯ ಪುಸ್ತಕವನ್ನು ತೆರೆಯುತ್ತಿದ್ದುದನ್ನು ಗಾಂಧೀಜಿ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ರಾಯಚಂದಭಾಯಿಯವರನ್ನು ಕುರಿತು ಜೈನರಲ್ಲಿ ಪ್ರಚಲಿತವಾದ ಒಂದು ಪ್ರಸಂಗವಿದೆ: ಕರಾರಾದ ಮೇಲೆ ರತ್ನದ ಬೆಲೆ ಏರಿ, ಎದುರಿನ ವ್ಯಾಪಾರಿ ಕರಾರನ್ನು ಪಾಲಿಸಿದರೆ ಮನೆಮಠ ಕಳೆದುಕೊಳ್ಳುವ ಸ್ಥಿತಿ ಬಂದಾಗ, ಅವರು ಕರಾರುಪತ್ರವನ್ನೇ ಹರಿದುಹಾಕಿದರಂತೆ. ಕಾನೂನಿನಂತೆ ತಮಗೆ ಸಲ್ಲಬೇಕಾದ ಲಾಭವನ್ನೂ ಮತ್ತೊಬ್ಬನ ನಾಶದಿಂದ ಬರುವುದಾದರೆ ಬೇಡವೆಂದರು.

೧೯೦೪ರಲ್ಲಿ ದಕ್ಷಿಣ ಆಫ್ರಿಕಾದ ರೈಲುಪ್ರಯಾಣವೊಂದರಲ್ಲಿ ಗಾಂಧೀಜಿ ಇಂಗ್ಲಿಷ್ ಲೇಖಕ ಜಾನ್ ರಸ್ಕಿನ್ನನ 'ಅನ್‌ಟು ದಿಸ್ ಲಾಸ್ಟ್' ಎಂಬ ಕೃತಿಯನ್ನೋದಿದರು. ಅದರ ಹೆಸರು ಮತ್ತಾಯನ ಸುವಾರ್ತೆಯ ದ್ರಾಕ್ಷಿತೋಟದ ದೃಷ್ಟಾಂತದಿಂದ ಬಂದುದು. ಬೆಳಗ್ಗೆ ಬಂದ ಕೂಲಿಯವನಿಗೂ ಸಂಜೆ ಬಂದ ಕೂಲಿಯವನಿಗೂ ಯಜಮಾನನು ಸಮನಾದ ಕೂಲಿ ಕೊಡುವ ಕಥೆ ಅದು. ೧೯೦೮ರಲ್ಲಿ ಗಾಂಧೀಜಿ ಈ ಕೃತಿಯ ಸಾರವನ್ನು ಗುಜರಾತಿಯಲ್ಲಿ ಬರೆದು ಅದಕ್ಕೆ 'ಸರ್ವೋದಯ' ಎಂದು ಹೆಸರಿಟ್ಟರು. ಗೀತೆಯ ಅಪರಿಗ್ರಹವನ್ನೂ ಇಂಗ್ಲಿಷ್ ಕಾನೂನಿನ ನ್ಯಾಸಧಾರಿಯ ಕಲ್ಪನೆಯನ್ನೂ ಕೂಡಿಸಿ, ಧನಿಕನು ತನ್ನ ಧನಕ್ಕೆ ಒಡೆಯನಲ್ಲ, ಧರ್ಮದರ್ಶಿ ಎಂದು ಅವರು ಬೋಧಿಸಿದರು. ನಮ್ಮ ಮಂದಿರಗಳ ಆಡಳಿತ ಮಂಡಲಿಗಳು ಇಂದು 'ಟ್ರಸ್ಟ್' ಎಂಬ ಅದೇ ಹೆಸರನ್ನು ಹೊತ್ತಿವೆ. ಆ ಹೆಸರಿನ ಭಾರವನ್ನು ನಾವು ಅರಿತಿದ್ದೇವೆಯೇ?

ಕ್ರೈಸ್ತ ದೃಷ್ಟಿ

ಕ್ರೈಸ್ತ ಧರ್ಮಗ್ರಂಥವು ಕನ್ನಡದಲ್ಲಿ ಅವತರಿಸಿದುದಕ್ಕೂ ನಮ್ಮ ಸೀಮೆಗೂ ಸಂಬಂಧವುಂಟು. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ ೧೮೧೦ರಲ್ಲಿ ಬಳ್ಳಾರಿಗೆ ಬಂದು, ಅಲ್ಲಿಯೇ ಕನ್ನಡ ಕಲಿತು, ಬೈಬಲ್ಲಿನ ಭಾಷಾಂತರಕ್ಕೆ ಕೈಹಾಕಿದರು. ೧೮೩೧ರ ವೇಳೆಗೆ ಸಂಪೂರ್ಣ ಗ್ರಂಥವು ಕನ್ನಡದಲ್ಲಿ ಪ್ರಕಟವಾಯಿತು. ಅದರಲ್ಲಿರುವ ಸಂಪತ್ತಿನ ದೃಷ್ಟಾಂತಗಳನ್ನು ನಮ್ಮ ಒಕ್ಕಲಿಗನೂ ವರ್ತಕನೂ ತಮ್ಮ ಬದುಕಿನ ಕಥೆಗಳೆಂದೇ ಓದಬಹುದು.

ಲೂಕನ ಸುವಾರ್ತೆಯ ಒಂದು ಕಥೆಯಲ್ಲಿ ಧನಿಕನೊಬ್ಬನ ಹೊಲವು ಹುಲುಸಾಗಿ ಬೆಳೆಯುತ್ತದೆ. ಇದ್ದ ಕಣಜಗಳನ್ನು ಕೆಡವಿ ದೊಡ್ಡವನ್ನು ಕಟ್ಟಿಸಿ, ಇನ್ನು ಬಹುಕಾಲ ಸುಖವಾಗಿರಬಹುದೆಂದು ಅವನು ಲೆಕ್ಕ ಹಾಕುತ್ತಾನೆ. ಅದೇ ರಾತ್ರಿ ಅವನ ಆಯುಷ್ಯ ಮುಗಿಯುತ್ತದೆ. ಅವನು ಕಳ್ಳನಲ್ಲ, ಮೋಸಗಾರನಲ್ಲ. ಬೆಳೆದುದು ಅವನದೇ ಹೊಲ. ಅವನ ದೋಷವೆಂದರೆ ಆ ಲೆಕ್ಕದಲ್ಲಿ ತನ್ನ ಹೊರತು ಮತ್ತೊಬ್ಬರ ಹೆಸರೇ ಬಾರದಿದ್ದುದು.

ಇನ್ನೊಂದು ಕಥೆ ಲಾಜರನದು. ಧನಿಕನು ದಿನವೂ ಹಬ್ಬದೂಟ ಉಣ್ಣುತ್ತಾನೆ. ಅವನ ಮನೆಯ ಬಾಗಿಲಲ್ಲಿ ಹುಣ್ಣುಗಳಿಂದ ತುಂಬಿದ ಲಾಜರನೆಂಬ ಭಿಕ್ಷುಕನು ಎಂಜಲಿಗಾಗಿ ಹಂಬಲಿಸಿ ಬಿದ್ದಿರುತ್ತಾನೆ. ಸತ್ತ ಮೇಲೆ ಧನಿಕನಿಗೆ ಯಾತನೆ, ಲಾಜರನಿಗೆ ಸಾಂತ್ವನ. ಧನಿಕನು ಲಾಜರನನ್ನು ಹೊಡೆಯಲಿಲ್ಲ, ಓಡಿಸಲೂ ಇಲ್ಲ. ಅವನನ್ನು ಕಂಡೂ ಕಾಣದಂತಿದ್ದನು, ಅಷ್ಟೆ. ಈ ಕಥೆಯಲ್ಲಿ ದರಿದ್ರನಿಗೆ ಹೆಸರಿದೆ, ಧನಿಕನಿಗೆ ಹೆಸರಿಲ್ಲ ಎಂಬುದು ಲಕ್ಷಿಸತಕ್ಕ ಅಂಶ. ಲೋಕದ ರೂಢಿ ಇದಕ್ಕೆ ವಿಪರೀತವಾದುದು.

ದೇವಾಲಯದ ಕಾಣಿಕೆಯ ಪೆಟ್ಟಿಗೆಗೆ ಧನಿಕರು ಧಾರಾಳವಾಗಿ ಹಾಕುತ್ತಿರುವಾಗ ಬಡ ವಿಧವೆಯೊಬ್ಬಳು ಎರಡು ಕಾಸು ಹಾಕಿದುದನ್ನು ಕಂಡು, ಎಲ್ಲರಿಗಿಂತ ಹೆಚ್ಚು ಕೊಟ್ಟವಳು ಆಕೆಯೇ ಎಂದು ಯೇಸುವು ಹೇಳಿದ ಪ್ರಸಂಗವೂ ಪ್ರಸಿದ್ಧವಾದುದು. ಕೊಟ್ಟುದನ್ನು ಅಳೆಯಬೇಕಾದುದು ಕೊಟ್ಟ ಮೊತ್ತದಿಂದಲ್ಲ, ಕೊಟ್ಟ ಮೇಲೆ ತನಗಾಗಿ ಉಳಿಸಿಕೊಂಡುದರಿಂದ ಎಂಬುದು ಇದರ ತಾತ್ಪರ್ಯ.

ಎಲ್ಲಕ್ಕಿಂತ ಮುಖ್ಯವಾದ ಕಥೆ ಯೆರಿಕೋ ಪಟ್ಟಣದ ಸುಂಕದವನಾದ ಜಕ್ಕಾಯನದು. ಜನರಿಂದ ಅನ್ಯಾಯವಾಗಿ ವಸೂಲು ಮಾಡಿ ಸಿರಿವಂತನಾಗಿದ್ದ ಅವನ ಮನೆಗೆ ಯೇಸುವು ಅತಿಥಿಯಾಗಿ ಹೋದನು. ಮನಸ್ಸು ತಿರುಗಿದ ಜಕ್ಕಾಯನು ತನ್ನ ಆಸ್ತಿಯಲ್ಲಿ ಅರ್ಧವನ್ನು ಬಡವರಿಗೆ ಕೊಡುವುದಾಗಿಯೂ, ಯಾರಿಂದ ಮೋಸದಿಂದ ಕಿತ್ತುಕೊಂಡಿದ್ದನೋ ಅವರಿಗೆ ನಾಲ್ಕರಷ್ಟನ್ನು ಹಿಂದಿರುಗಿಸುವುದಾಗಿಯೂ ಹೇಳಿದನು. ದಾನ ಬೇರೆ, ಹಿಂದಿರುಗಿಸುವುದು ಬೇರೆ. ಅನ್ಯಾಯದ ಹಣವನ್ನು ದೇವಾಲಯಕ್ಕೆ ಕೊಟ್ಟು ಕೈತೊಳೆದುಕೊಳ್ಳುವ ದಾರಿಯನ್ನು ಅವನು ಹಿಡಿಯಲಿಲ್ಲ. ಯಾರ ಹಣವೋ ಅವರಿಗೇ ಅದನ್ನು ಮುಟ್ಟಿಸಲು ಹೊರಟನು.

ಈ ಬೋಧೆಯನ್ನು ಮುಂದಿನ ಆಚಾರ್ಯರು ಬೆಳೆಸಿದರು. ಇಂದಿನ ತುರ್ಕಿ ದೇಶದಲ್ಲಿದ್ದ ಕೈಸರೈಯದ ಸಂತ ಬೆಸಿಲನು ನಾಲ್ಕನೆಯ ಶತಮಾನದ ಘೋರ ಕ್ಷಾಮದಲ್ಲಿ ಧಾನ್ಯ ಬಚ್ಚಿಟ್ಟ ವರ್ತಕರನ್ನು ಉಗ್ರವಾಗಿ ಖಂಡಿಸಿದನು. ತನ್ನ ಪಿತ್ರಾರ್ಜಿತ ಆಸ್ತಿಯನ್ನು ಹಸಿದವರ ಅನ್ನಕ್ಕಾಗಿ ವ್ಯಯಿಸಿ, ರೋಗಿಗಳಿಗೂ ಪರದೇಶಿಗಳಿಗೂ ಆಶ್ರಯವಾಗುವ ದೊಡ್ಡ ಧರ್ಮಶಾಲೆಯನ್ನು ಕಟ್ಟಿಸಿದನು. ಮನೆಯಲ್ಲಿ ಹೆಚ್ಚಾಗಿ ಬಿದ್ದಿರುವ ವಸ್ತುವು ಇಲ್ಲದವನಿಗೆ ಸಲ್ಲಬೇಕಾದುದು, ಅದನ್ನು ಹಿಡಿದಿಟ್ಟುಕೊಳ್ಳುವುದು ಕಳವಿಗೆ ಸಮಾನ ಎಂಬುದು ಅವನ ನಿಲುವು. ಹದಿಮೂರನೆಯ ಶತಮಾನದ ಥಾಮಸ್ ಅಕ್ವಿನಾಸನು ಆಸ್ತಿಯ ಒಡೆತನ ಖಾಸಗಿಯಾಗಿರಬಹುದು, ಆದರೆ ಅದರ ಉಪಯೋಗ ಎಲ್ಲರಿಗೂ ಸೇರಿದ್ದು ಎಂದು ವಿವೇಚಿಸಿದನು. ಹದಿನೆಂಟನೆಯ ಶತಮಾನದ ಜಾನ್ ವೆಸ್ಲಿಯು ಆದಷ್ಟು ಗಳಿಸು, ಆದಷ್ಟು ಉಳಿಸು, ಆದಷ್ಟು ಕೊಡು ಎಂಬ ಅರ್ಥದ ಮೂರು ಸೂತ್ರಗಳನ್ನು ಬೋಧಿಸಿದನು. ಆದರೆ ಗಳಿಕೆಯು ತನ್ನ ದೇಹಕ್ಕಾಗಲಿ, ನೆರೆಯವನ ದೇಹಕ್ಕಾಗಲಿ, ಅವನ ಆತ್ಮಕ್ಕಾಗಲಿ ಕೇಡು ತರಬಾರದೆಂಬ ಕಟ್ಟನ್ನು ಮೊದಲೇ ಹಾಕಿದ್ದನು.

ಕ್ರೈಸ್ತ ಸಮಾಜವು ಈ ಬೋಧೆಯಂತೆ ಯಾವಾಗಲೂ ನಡೆದುಕೊಂಡಿತೆಂದು ಯಾರೂ ಹೇಳಲಾರರು. ಅಲ್ಲಿನ ಮಠಗಳೂ ಭೂಮಿ-ಬಂಗಾರಗಳನ್ನು ಕೂಡಿಹಾಕಿದವು; ಹಣಕ್ಕೆ ಪಾಪವಿಮೋಚನೆಯ ಪತ್ರಗಳನ್ನು ಮಾರಿದ ಕಾಲವೂ ಯುರೋಪಿನಲ್ಲಿತ್ತು. ಆದರೆ ಒಂದು ಧರ್ಮವನ್ನು ಅದರ ಅನುಯಾಯಿಗಳ ಸೋಲಿನಿಂದ ಮಾತ್ರ ಅಳೆಯುವುದಾದರೆ ನಾವೂ ಆ ತಕ್ಕಡಿಯಲ್ಲಿ ಕೂರಬೇಕಾದೀತು.

ಹಗೇವು ಮತ್ತು ಬರ

ಬೆಸಿಲನು ಖಂಡಿಸಿದಂಥ ಕಣಜಗಳು ನಮ್ಮ ಸೀಮೆಗೂ ಹೊಸವಲ್ಲ. ನೆಲದೊಳಗೆ ಜೋಳವನ್ನು ತುಂಬಿ ಮುಚ್ಚಿಡುವ ಹಗೇವುಗಳನ್ನು ನಮ್ಮ ಹಿರಿಯರು ಬಲ್ಲರು. ಬರ ಬಂದಾಗ ಊರನ್ನು ಉಳಿಸುವುದೂ ಅದೇ ಹಗೇವು, ಬೆಲೆ ಏರಲೆಂದು ಕಾಯುವ ಲೋಭಿಗೆ ನೆರವಾಗುವುದೂ ಅದೇ ಹಗೇವು.

೧೮೭೬-೭೮ರ, ಧಾತು ಮತ್ತು ಈಶ್ವರ ಸಂವತ್ಸರಗಳ ಮಹಾಕ್ಷಾಮದಲ್ಲಿ ಮದರಾಸು ಪ್ರಾಂತದ ಅತ್ಯಂತ ಸಂಕಟಪಟ್ಟ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳು ಆಗ ಆ ಜಿಲ್ಲೆಗೆ ಸೇರಿದ್ದವು. ಖಾಸಗಿ ಧಾನ್ಯವ್ಯಾಪಾರದಲ್ಲಿ ಸರ್ಕಾರ ಕೈಹಾಕಬಾರದೆಂಬುದು ಅಂದಿನ ಭಾರತ ಸರ್ಕಾರದ ನೀತಿಯಾಗಿತ್ತು. ೧೮೭೭ರ ಆರಂಭದಲ್ಲಿ ವೈಸರಾಯ್ ಲಿಟ್ಟನ್ನನ ಪ್ರತಿನಿಧಿಯಾಗಿ ಬಂದ ರಿಚರ್ಡ್ ಟೆಂಪಲ್ ಪರಿಹಾರ ಕಾಮಗಾರಿಯಲ್ಲಿ ದುಡಿಯುವ ಗಂಡಾಳಿನ ದಿನಗೂಲಿಯನ್ನು ಒಂದು ಪೌಂಡ್, ಅಂದರೆ ಸುಮಾರು ೪೫೦ ಗ್ರಾಂ ಧಾನ್ಯದ ಬೆಲೆ ಮತ್ತು ಒಂದಾಣೆಗೆ ಇಳಿಸಿದನು. ಅದು ಸಾಲದೆಂದು ಮದರಾಸಿನ ವೈದ್ಯಾಧಿಕಾರಿಗಳು ವಾದಿಸಬೇಕಾಯಿತು. ಆ ನೀತಿಯನ್ನು ನಡೆಸಿದವರು ಬೈಬಲ್ಲನ್ನು ಬಾಲ್ಯದಿಂದ ಓದಿದವರೇ. ಲಾಜರನ ಕಥೆಯನ್ನು ಬಲ್ಲವನಿಗೂ ತನ್ನ ಬಾಗಿಲಲ್ಲಿ ಬಿದ್ದ ಲಾಜರನು ಕಾಣದಿರಬಹುದೆಂಬುದಕ್ಕೆ ಇದಕ್ಕಿಂತ ದಾರುಣವಾದ ನಿದರ್ಶನ ಬೇಕೇ?

ಶ್ರಾವಕನ ಮಿತಿ

ಈಗ ನಮ್ಮ ಶಾಸ್ತ್ರದತ್ತ ತಿರುಗೋಣ. ಉಮಾಸ್ವಾಮಿ ಆಚಾರ್ಯರು ವಸ್ತುವನ್ನಲ್ಲ, ವಸ್ತುವಿನ ಮೇಲಣ ಮೂರ್ಛೆಯನ್ನೇ ಪರಿಗ್ರಹವೆಂದು ಕರೆದರು. ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಗೃಹಸ್ಥನ ಐದನೆಯ ಅಣುವ್ರತವನ್ನು ಇಚ್ಛಾಪರಿಮಾಣವೆಂದೂ ಹೆಸರಿಸಿದರು. ಅಂದರೆ ಮಿತಿ ಬೀಳಬೇಕಾದುದು ತಿಜೋರಿಗೆ ಮಾತ್ರವಲ್ಲ, ಇಚ್ಛೆಗೆ. ಹೊಲ, ಮನೆ, ಬೆಳ್ಳಿ, ಬಂಗಾರ, ಧನ, ಧಾನ್ಯ ಇತ್ಯಾದಿಗಳಲ್ಲಿ ಇಷ್ಟರಿಂದ ಮುಂದೆ ನನಗೆ ಬೇಡವೆಂದು ಶ್ರಾವಕನು ಸಂಪತ್ತು ಬರುವ ಮೊದಲೇ ಗೆರೆ ಎಳೆದುಕೊಳ್ಳುತ್ತಾನೆ.

ಕ್ರೈಸ್ತ ಧರ್ಮದಲ್ಲಿ ಸಾಮಾನ್ಯ ಗೃಹಸ್ಥನಿಗೆ ಇಂತಹ ಗೆರೆ ಇಲ್ಲ. ಎಲ್ಲವೂ ದೇವರದು, ಮನುಷ್ಯನು ಕೇವಲ ಪಾರುಪತ್ಯಗಾರ ಎಂಬುದು ಅಲ್ಲಿನ ಆಧಾರ. ಸೃಷ್ಟಿಕರ್ತನನ್ನು ಒಪ್ಪದ ನಮಗೆ ಆ ಆಧಾರ ಸಲ್ಲದು. ಆದರೆ ಜೀವಗಳು ಪರಸ್ಪರ ಉಪಕಾರಕವಾಗಿ ಬಾಳತಕ್ಕವು ಎಂಬ ತತ್ತ್ವಾರ್ಥಸೂತ್ರದ ಮಾತು ನಮಗಿದೆ. ಪಾರುಪತ್ಯಗಾರನು ಒಡೆಯನಿಗೆ ಲೆಕ್ಕ ಒಪ್ಪಿಸುತ್ತಾನೆ. ಶ್ರಾವಕನು ತನ್ನ ಕರ್ಮಕ್ಕೆ ತಾನೇ ಲೆಕ್ಕ ಒಪ್ಪಿಸಬೇಕು. ಕ್ಷಮಿಸಿಬಿಡುವ ಒಡೆಯನಿಲ್ಲದ ಕಾರಣ ನಮ್ಮ ಲೆಕ್ಕವೇ ಹೆಚ್ಚು ಕಠಿನವಾದುದು.

ಆದರೂ ಎರಡು ಕಡೆ ನಮ್ಮ ಆಚರಣೆ ಸಡಿಲವಾಗಿದೆ. ಇರುವುದರ ಹತ್ತು ಪಟ್ಟಿಗೆ ಗೆರೆ ಎಳೆದು ವ್ರತ ಸ್ವೀಕರಿಸಿದೆನೆಂದು ತೃಪ್ತಿಪಡುವವರು ನಮ್ಮಲ್ಲುಂಟು. ಆ ಗೆರೆಯು ಇಚ್ಛೆಗೆ ಹಾಕಿದ ಬೇಲಿಯಲ್ಲ, ಅದಕ್ಕೆ ಬಿಟ್ಟುಕೊಟ್ಟ ಗೋಮಾಳ. ಎರಡನೆಯದಾಗಿ, ನಮ್ಮ ಆತ್ಮಕ್ಕೆ ಅಂಟುವ ಕರ್ಮವನ್ನು ನೆನೆದು ದಾನ ಮಾಡುವ ನಾವು, ಆ ಧನವು ಬರುವಾಗ ಯಾರ ಹೊಟ್ಟೆಗೆ ಹೊಡೆಯಿತೆಂಬುದನ್ನು ಅಷ್ಟಾಗಿ ನೆನೆಯುವುದಿಲ್ಲ. ಲಾಜರನ ಕಥೆಯಿಂದಲೂ ಜಕ್ಕಾಯನ ಕಥೆಯಿಂದಲೂ ನಾವು ಕಲಿಯಬೇಕಾದುದು ಇಲ್ಲಿದೆ. ನಮ್ಮ ಆಚಾರ್ಯರು ಇದನ್ನು ಹೇಳಲಿಲ್ಲವೆಂದಲ್ಲ. ಹೇಮಚಂದ್ರಾಚಾರ್ಯರೂ ಆಶಾಧರ ಪಂಡಿತರೂ ಯೋಗ್ಯ ಗೃಹಸ್ಥನ ಗುಣಗಳನ್ನೆಣಿಸುವಾಗ ಮೊಟ್ಟಮೊದಲು ಹೇಳಿದುದು ದಾನವನ್ನಲ್ಲ, ನ್ಯಾಯದಿಂದ ಗಳಿಸಿದ ಧನವನ್ನು. ಕಳವಿನ ಮಾಲು ಕೊಳ್ಳುವುದು, ತೂಕ-ಅಳತೆಗಳಲ್ಲಿ ವಂಚಿಸುವುದು, ಕಲಬೆರಕೆ ಮಾಡುವುದು ಅಚೌರ್ಯಾಣುವ್ರತದ ಅತಿಚಾರಗಳೆಂದು ಸೂತ್ರಕಾರರು ಎಣಿಸಿದ್ದಾರೆ. ಸಮಂತಭದ್ರರು ಪರಿಗ್ರಹಪರಿಮಾಣದ ಐದು ಅತಿಚಾರಗಳಲ್ಲಿ ಅತಿಸಂಗ್ರಹ, ಅತಿಲೋಭಗಳ ಜೊತೆಗೆ ಅತಿವಾಹನ ಮತ್ತು ಅತಿಭಾರವಹನಗಳನ್ನೂ ಸೇರಿಸಿದ್ದಾರೆ: ಲಾಭದ ಆಸೆಯಿಂದ ದನಗಳನ್ನು ಅವುಗಳ ಶಕ್ತಿ ಮೀರಿ ನಡೆಸುವುದು, ಹೊರಲಾರದ ಭಾರವನ್ನು ಹೇರುವುದು. ಲೋಭಿಯು ತನ್ನ ಆಸೆಯ ಭಾರವನ್ನು ತಾನು ಹೊರುವುದಿಲ್ಲ; ಅದನ್ನು ಮತ್ತೊಂದು ಜೀವದ ಬೆನ್ನಿಗೆ ಹೇರುತ್ತಾನೆ.

ಅದಿರಿನ ದಿನಗಳು

ಈ ಅತಿಭಾರವಹನವನ್ನು ನಮ್ಮ ಸೀಮೆ ಕಣ್ಣಾರೆ ಕಂಡಿದೆ. ೨೦೦೩ರ ನಂತರದ ವರ್ಷಗಳಲ್ಲಿ ಚೀನಾದ ಬೇಡಿಕೆಯಿಂದ ಕಬ್ಬಿಣದ ಅದಿರಿನ ಬೆಲೆ ಏರಿದಾಗ ಸಂಡೂರು-ಹೊಸಪೇಟೆಗಳ ರಸ್ತೆಗಳಲ್ಲಿ ಮಿತಿಮೀರಿ ತುಂಬಿದ ಲಾರಿಗಳ ಸಾಲು ಹಗಲಿರುಳೆನ್ನದೆ ಹರಿಯಿತು. ಪಕ್ಕದ ಹೊಲಗಳ ಬೆಳೆಯ ಮೇಲೆ ಕೆಂಧೂಳು ಕುಳಿತಿತು. ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರು ೨೦೦೮ರಲ್ಲಿಯೂ ೨೦೧೧ರ ಜುಲೈಯಲ್ಲಿಯೂ ಸಲ್ಲಿಸಿದ ವರದಿಗಳು ಅಕ್ರಮ ಗಣಿಗಾರಿಕೆಯನ್ನು ಬಯಲಿಗೆಳೆದವು. ೨೦೧೧ರ ಜುಲೈ ೨೯ರಂದು ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯಲ್ಲಿ ಗಣಿಗಾರಿಕೆಯನ್ನು ತಡೆಹಿಡಿಯಿತು. ಮುಂದೆ ಕಟ್ಟುಪಾಡುಗಳೊಡನೆ ಅದು ಮತ್ತೆ ಆರಂಭವಾಯಿತಾದರೂ ಆ ವರ್ಷಗಳ ಪಾಠ ಉಳಿಯಬೇಕಾದುದು.

ಆ ದಿನಗಳ ಒಂದು ಪ್ರಸಂಗವನ್ನು ಸಂಕೋಚದಿಂದಲೇ ಬರೆಯುತ್ತೇನೆ. ನಾನು ಸದಸ್ಯನಾಗಿದ್ದ ಒಂದು ಜಿನಮಂದಿರದ ಸಮಿತಿಗೆ, ಅದಿರು ಸಾಗಿಸುವ ಲಾರಿಗಳನ್ನಿಟ್ಟಿದ್ದ ಗೃಹಸ್ಥರೊಬ್ಬರು ಸಭಾಮಂಟಪಕ್ಕೆ ಅಮೃತಶಿಲೆ ಹಾಸಿಸುವುದಾಗಿ ತಿಳಿಸಿದರು. ಎಲ್ಲರಿಗೂ ಸಂತೋಷವಾಯಿತು. ವಯೋವೃದ್ಧರಾದ ಸದಸ್ಯರೊಬ್ಬರು ಮಾತ್ರ ಹಣದ ಮೂಲವನ್ನು ವಿಚಾರಿಸಬೇಡವೇ ಎಂದರು. "ಗುಡಿಗೆ ಬಂದ ಮ್ಯಾಲೆ ಯಾರ ರೊಕ್ಕಾದ್ರೇನ್ರಿ ಅಜ್ಜಾರೆ, ಎಲ್ಲಾ ದೇವರದೇ ಅಲ್ಲೇನು?" ಎಂದು ಒಬ್ಬರು ನಕ್ಕರು. ಅದಕ್ಕೆ ಆ ಹಿರಿಯರು, "ಹಂಗಲ್ಲಪ್ಪಾ, ಗುಡಿಗೆ ಬರೋಕಿಂತ ಮುಂಚೆ ಅದು ಯಾರದಿತ್ತು, ಅದನ್ನ ಕೇಳ್ರಿ" ಎಂದರು. ಸಭೆ ಮೌನವಾಯಿತು. ನಾನೂ ಮೌನವಾಗಿದ್ದೆ. ನಿರ್ಣಯ ಅಂಗೀಕಾರವಾಯಿತು, ಅಮೃತಶಿಲೆ ಬಂದಿತು, ಗೋಡೆಯಲ್ಲಿ ದಾನಿಯ ಹೆಸರಿನ ಫಲಕವೂ ಕುಳಿತಿತು.

ಆ ಗೃಹಸ್ಥರು ಕಾನೂನು ಮುರಿದರೆಂದು ನಾನು ಹೇಳಲಾರೆ. ಅವರನ್ನು ಯಾರೂ ಕೇಳಲೇ ಇಲ್ಲ. ಗಣಿ ನಿಂತಾಗ ಅವರ ಲಾರಿಗಳೂ ನಿಂತವು. ಸಾಲ ಮಾಡಿ ಕೊಂಡ ವಾಹನಗಳ ಕಂತು ಅವರನ್ನೇ ಅರೆಯಿತು. ಅವರ ಚಾಲಕರಲ್ಲೊಬ್ಬನು ಬಾಕಿ ಸಂಬಳ ಕೇಳಿಕೊಂಡು ಮಂದಿರದ ಬಾಗಿಲವರೆಗೂ ಬಂದು, ಚಪ್ಪಲಿ ಬಿಟ್ಟು, ಒಳಗೆ ಬರಲು ಅಳುಕಿ ಹೊರಗೇ ನಿಂತಿದ್ದುದನ್ನು ನಾನು ಕಂಡೆ. ಅಂದು ನನಗೆ ಲಾಜರನ ಕಥೆ ನೆನಪಾಯಿತು. ಆ ನೆಲಹಾಸಿನಲ್ಲಿ ಅವನ ಸಂಬಳವೂ ಸೇರಿತ್ತೋ ಏನೋ. ನಾವು ಅಂದು ಕೇಳಿದ್ದರೆ ಅದು ದಾನಿಗೆ ಅವಮಾನವಾಗುತ್ತಿರಲಿಲ್ಲ. ಮೊದಲು ಆಳುಗಳ ಋಣ ತೀರಿಸಿ, ಆಮೇಲೆ ಶಿಲೆ ಹಾಸಿಸಿರಿ ಎಂದು ಹೇಳುವ ಅವಕಾಶ ನಮಗಿತ್ತು. ಅದು ಅವರ ಪುಣ್ಯವನ್ನು ರಕ್ಷಿಸುವ ಮಾತಾಗುತ್ತಿತ್ತು. ನಮ್ಮ ಮೌನವು ಅವರಿಗೂ ದ್ರೋಹ ಮಾಡಿತು.

ಧರ್ಮದರ್ಶಿಗಳಲ್ಲಿ ಒಂದು ನಿವೇದನೆ

ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಕೋಗಳಿ ಒಂದು ಕಾಲದಲ್ಲಿ ಪ್ರಸಿದ್ಧ ಜೈನಕೇಂದ್ರವಾಗಿತ್ತು. ಅಲ್ಲಿಯ ಬಸದಿಯನ್ನು ಗಂಗದೊರೆ ದುರ್ವಿನೀತನು ಕಟ್ಟಿಸಿದನೆಂದು ಹನ್ನೊಂದನೆಯ ಶತಮಾನದ ಶಾಸನವು ತಿಳಿಸುತ್ತದೆ. ಕಲ್ಲು ದಾನಿಯ ಹೆಸರನ್ನು ಸಾವಿರ ವರ್ಷ ಕಾಪಾಡಬಲ್ಲದು. ಆದರೆ ದಾನದ ಶುದ್ಧಿಯನ್ನು ಕಾಪಾಡಬೇಕಾದವರು ಆಯಾ ಕಾಲದ ಮನುಷ್ಯರು. ಎಡಗೈಗೂ ತಿಳಿಯದಂತೆ ಬಲಗೈ ಕೊಡಬೇಕೆಂಬ ಭಾವವನ್ನು ಯೇಸುವು ಬೋಧಿಸಿದನು. ನಮ್ಮ ಕಲಶಗಳ ಸವಾಲುಗಳಲ್ಲಿ ಬಲಗೈ ಎತ್ತಿದುದನ್ನು ಊರೆಲ್ಲ ನೋಡಬೇಕು. ಸವಾಲುಗಳಿಂದ ಮಂದಿರಗಳು ಜೀರ್ಣೋದ್ಧಾರವಾಗಿರುವುದು ನಿಜ. ಅದನ್ನು ನಾನು ಅಲ್ಲಗಳೆಯೆನು. ಆದರೆ ಲೋಭವನ್ನು ಕಳೆಯಬೇಕಾದ ದಾನವೇ ಮಾನಕಷಾಯಕ್ಕೆ ಆಹಾರವಾದರೆ, ಒಂದು ರೋಗವನ್ನು ಕೊಟ್ಟು ಇನ್ನೊಂದನ್ನು ಕೊಂಡಂತಾಗುತ್ತದೆ.

ಆದುದರಿಂದ ನಮ್ಮ ಟ್ರಸ್ಟುಗಳು ಮೂರು ವಿಷಯಗಳನ್ನು ಪರಿಶೀಲಿಸಬೇಕೆಂದು ವಿನಂತಿಸುತ್ತೇನೆ. ದೊಡ್ಡ ದಾನವನ್ನು ಸ್ವೀಕರಿಸುವ ಮೊದಲು, ಇದರಲ್ಲಿ ಯಾರಿಗಾದರೂ ಸಲ್ಲಬೇಕಾದ ಬಾಕಿ ಉಳಿದಿದೆಯೇ ಎಂದು ದಾನಿಯನ್ನು ಗೌರವದಿಂದ ಕೇಳುವ ರೂಢಿ ಬರಲಿ. ಶ್ರಾವಕನು ತನ್ನ ಪರಿಗ್ರಹಕ್ಕೆ ಮಿತಿ ಹಾಕಿಕೊಳ್ಳುವಂತೆ ಟ್ರಸ್ಟೂ ತನ್ನ ಠೇವಣಿಗೆ ಮಿತಿ ಹಾಕಿಕೊಳ್ಳಲಿ; ಮಿತಿ ಮೀರಿದುದು ಆಹಾರ, ಔಷಧ, ಶಾಸ್ತ್ರ, ಅಭಯಗಳೆಂಬ ಚತುರ್ವಿಧ ದಾನಕ್ಕೆ, ಜಾತಿ-ಮತಗಳನ್ನು ನೋಡದೆ, ಆಯಾ ವರ್ಷವೇ ವಿನಿಯೋಗವಾಗಲಿ. ಮಂದಿರದ ಅರ್ಚಕರು, ಕಾವಲುಗಾರರು, ಕಸ ಗುಡಿಸುವವರು ಇವರ ಸಂಬಳವು ಹೊಸ ಶಿಖರಕ್ಕಿಂತ ಮೊದಲು ಲೆಕ್ಕದ ಪುಸ್ತಕದಲ್ಲಿ ಬರಲಿ. ಏಕೆಂದರೆ ನಮ್ಮ ಬಾಗಿಲಿಗೆ ಎಲ್ಲರಿಗಿಂತ ಹತ್ತಿರದಲ್ಲಿರುವವರು ಅವರೇ.

ಕ್ರೈಸ್ತ ಧರ್ಮವು ಧನಿಕನನ್ನು ಕೇಳುವುದು: ನಿನ್ನ ಬಾಗಿಲಲ್ಲಿ ಯಾರು ಬಿದ್ದಿದ್ದಾರೆ? ಜೈನಧರ್ಮವು ಕೇಳುವುದು: ನಿನಗೆ ಎಷ್ಟು ಸಾಕು? ಮೊದಲನೆಯ ಪ್ರಶ್ನೆಯನ್ನು ಬಿಟ್ಟು ಎರಡನೆಯದನ್ನು ಮಾತ್ರ ಕೇಳಿಕೊಂಡರೆ ನಮ್ಮ ತ್ಯಾಗವು ನಿರ್ದಯವಾದೀತು. ಎರಡನೆಯದನ್ನು ಬಿಟ್ಟು ಮೊದಲನೆಯದನ್ನು ಮಾತ್ರ ಕೇಳಿಕೊಂಡರೆ ನಮ್ಮ ದಯೆಗೆ ಕೊಡಲು ಏನೂ ಮಿಗದೆ ಹೋದೀತು. ಎರಡನ್ನೂ ತಮ್ಮೊಳಗೆ ಇಟ್ಟುಕೊಂಡಿದ್ದ ಮಹಾತ್ಮರೊಬ್ಬರ ಬೂದಿ ಕೂಡ್ಲಿಗಿಯಲ್ಲಿದೆ. ಆ ವೃದ್ಧ ಸದಸ್ಯರು ಇಂದು ನಮ್ಮೊಡನಿಲ್ಲ. ಅವರು ಅಂದು ಕೇಳಿದ ಪ್ರಶ್ನೆಯನ್ನು ಮುಂದಿನ ಸಭೆಯಲ್ಲಾದರೂ ನಮ್ಮಲ್ಲೊಬ್ಬರು ಎದ್ದು ಕೇಳುವಂತಾಗಲಿ.